ಜೊಲ್ಲಿನಲ್ಲೂ ಸಕ್ಕರೆ ಇದೆಯಾ, ಡಾಕ್ಟ್ರೇ?

ಪ್ರಶ್ನೆ: ನನಗೆ 54 ವರ್ಷ, ಊರು ದಾವಣಗೆರೆ. ಶುಗರ್ ಬಂದ ಮೇಲೆ ಮೂರು ವರ್ಷದಿಂದ ಕಾಫಿಗೂ ಸಕ್ಕರೆ ಹಾಕಿಕೊಳ್ಳುತ್ತಿಲ್ಲ, ಸಿಹಿ ಮುಟ್ಟುವುದೇ ಇಲ್ಲ. ಆದರೂ ಬೆಳಿಗ್ಗೆ ಎದ್ದರೆ ಹಲ್ಲಿನ ಮೇಲೆ ಲೋಳೆ, ಬಾಯಿ ವಾಸನೆ. ಏಕಾದಶಿ ಉಪವಾಸದ ದಿನವಂತೂ ಇನ್ನೂ ಜಾಸ್ತಿ. ಇಲ್ಲಿನ ಹಲ್ಲಿನ ಡಾಕ್ಟರನ್ನು ಕೇಳಿದೆ. "ಜೊಲ್ಲಿನ ಪ್ರೋಟೀನಿನಲ್ಲೇ ಸಕ್ಕರೆ ಇರುತ್ತೆ, ಬ್ಯಾಕ್ಟೀರಿಯಾ ಅದನ್ನು ತಿಂದು ಬದುಕುತ್ತವೆ" ಅಂದರು. ಜೊಲ್ಲಿನಲ್ಲಿ ಸಕ್ಕರೆ ಇದ್ದರೆ ಸಿಹಿ ಯಾಕೆ ಇಲ್ಲ? ಸಿಹಿ ಬಿಟ್ಟರೂ ಈ ಸಕ್ಕರೆಯಿಂದ ನನ್ನ ಹಲ್ಲು ಹುಳುಕಾಗುತ್ತಾ?

ಉತ್ತರ: ನಿಮ್ಮ ಡಾಕ್ಟರು ಹೇಳಿದ್ದು ನಿಜ. ಜೊಲ್ಲಿನಲ್ಲಿ ಸಕ್ಕರೆ ಇದೆ, ಬ್ಯಾಕ್ಟೀರಿಯಾ ಅದನ್ನು ತಿನ್ನುತ್ತವೆ. ಬೆಳಗಿನ ಲೋಳೆಗೂ ವಾಸನೆಗೂ ಅದರ ಜೊತೆ ನೇರ ಸಂಬಂಧವಿದೆ. ಆದರೆ ಹಲ್ಲು ಹುಳುಕಾಗುವುದು ಅದರಿಂದಲ್ಲ. ನೀವು ಸಿಹಿ ಬಿಟ್ಟದ್ದು ಖಂಡಿತ ದಂಡವಾಗಿಲ್ಲ. ಎರಡೂ ಸಕ್ಕರೆಯೇ ಆದರೂ ಒಂದು ಹಲ್ಲು ಕೊರೆಯುತ್ತದೆ, ಇನ್ನೊಂದು ಕೊರೆಯುವುದಿಲ್ಲ. ಯಾಕೆ ಅನ್ನುವುದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಮೊದಲು ಒಂದು ಸಣ್ಣ ಪರೀಕ್ಷೆ ಮಾಡಿ ನೋಡಿ. ಬಾಯಿ ಮುಕ್ಕಳಿಸಿ ಹತ್ತು ನಿಮಿಷ ಸುಮ್ನೆ ಕೂತುಕೊಳ್ಳಿ. ಆಮೇಲೆ ನಾಲಿಗೆಯ ಕೆಳಗಿನ ಒಂದು ಹನಿ ಜೊಲ್ಲನ್ನು ಹೆಬ್ಬೆರಳು, ತೋರುಬೆರಳಿನ ನಡುವೆ ಹಿಡಿದು ಮೆಲ್ಲಗೆ ಬಿಡಿಸಿ. ಉಂಡೆ ಕಟ್ಟುವಾಗ ಒಂದೆಳೆ ಪಾಕ ಬಂತಾ ಅಂತ ನೋಡುತ್ತೀರಲ್ಲ, ಹಾಗೇ. ಸಣ್ಣ ಎಳೆ ಎಳೆದುಕೊಂಡು ಬರುತ್ತದೆ. ನೂರಕ್ಕೆ 99 ಪಾಲು ನೀರೇ ಇರುವ ಜೊಲ್ಲಿಗೆ ಈ ಎಳೆ ಬರುವುದು ಮ್ಯೂಸಿನ್ ಅನ್ನುವ ಪ್ರೋಟೀನಿನಿಂದ.

ಮ್ಯೂಸಿನ್ ಹೇಗಿರುತ್ತದೆ ಅಂದರೆ ನವಣೆ ತೆನೆಯನ್ನು ನೆನೆಸಿಕೊಳ್ಳಿ. ನಡುವೆ ಒಂದು ದಂಟು, ಸುತ್ತಲೂ ಒತ್ತಾಗಿ ಕಾಳು. ಇಲ್ಲಿ ದಂಟು ಪ್ರೋಟೀನು, ಕಾಳಿನ ಜಾಗದಲ್ಲಿ ಸಕ್ಕರೆಯ ಪುಟ್ಟ ಪುಟ್ಟ ಸರಗಳು. ಜೊಲ್ಲಿನಲ್ಲಿ ಮುಖ್ಯವಾಗಿ ಎರಡು ಬಗೆಯ ಮ್ಯೂಸಿನ್ ಇವೆ. ಮಕ್5ಬಿ ಅನ್ನುವುದು ದೊಡ್ಡದು, ಮಕ್7 ಚಿಕ್ಕದು. ದೊಡ್ಡದರ ತೂಕದಲ್ಲಿ ನೂರಕ್ಕೆ ಸುಮಾರು 80 ಪಾಲು ಸಕ್ಕರೆಯೇ. ತೆನೆಯಲ್ಲಿ ದಂಟಿಗಿಂತ ಕಾಳಿನ ಭಾರವೇ ಜಾಸ್ತಿ ಇರುತ್ತಲ್ಲ, ಹಾಗೆ.

ಹಾಗಾದರೆ ಸಿಹಿ ಯಾಕಿಲ್ಲ? ನಾಲಿಗೆಗೆ ಸಿಹಿ ಗೊತ್ತಾಗುವುದು ಸಕ್ಕರೆ ಬಿಡಿಬಿಡಿಯಾಗಿ ನೀರಿನಲ್ಲಿ ಕರಗಿದ್ದಾಗ. ಮ್ಯೂಸಿನ್‌ನ ಸಕ್ಕರೆ ಒಂದಕ್ಕೊಂದು ಕೂಡಿಕೊಂಡು ಪ್ರೋಟೀನಿಗೆ ಬಿಗಿಯಾಗಿ ಅಂಟಿರುತ್ತದೆ. ಅದು ನಾಲಿಗೆಯ ಲೆಕ್ಕಕ್ಕೆ ಬರುವುದಿಲ್ಲ. ಜೊಲ್ಲಿನಲ್ಲಿ ಬಿಡಿ ಗ್ಲುಕೋಸೂ ಇದೆ. ಆದರೆ ಆರೋಗ್ಯವಾಗಿರುವವರಲ್ಲಿ ಅದು ರಕ್ತದಲ್ಲಿರುವುದರ ಸುಮಾರು ನೂರನೇ ಒಂದು ಪಾಲು. ಶುಗರ್ ಇರುವವರಲ್ಲಿ ಸ್ವಲ್ಪ ಏರುತ್ತದೆ. ಆದರೂ ನಾಲಿಗೆಗೆ ಸಿಗುವಷ್ಟಲ್ಲ.

ಆ ಪುಟ್ಟ ಸರಗಳ ತುದಿಯಲ್ಲಿ ಬಹಳ ಸಲ ಕೂತಿರುವುದು ಸಿಯಾಲಿಕ್ ಆಸಿಡ್ ಅನ್ನುವ ವಿಶೇಷ ಸಕ್ಕರೆ. ಈ ಹೆಸರು ಬಂದಿದ್ದೇ ಜೊಲ್ಲಿನಿಂದ. ಗ್ರೀಕ್ ಭಾಷೆಯಲ್ಲಿ ಸಿಯಾಲಾನ್ ಅಂದರೆ ಜೊಲ್ಲು. ಸ್ವೀಡನ್ನಿನ ಗುನ್ನಾರ್ ಬ್ಲಿಕ್ಸ್ 1936ರಲ್ಲಿ ಇದನ್ನು ದನದ ಜೊಲ್ಲು ಗ್ರಂಥಿಯ ಮ್ಯೂಸಿನ್‌ನಿಂದ ಹರಳಾಗಿ ಬೇರ್ಪಡಿಸಿದರು. ಹೆಸರು ಇಟ್ಟದ್ದು 1952ರಲ್ಲಿ. ಸಿಯಾಲಿಕ್ ಆಸಿಡ್‌ಗೆ ಋಣ ವಿದ್ಯುತ್ ಆವೇಶವಿದೆ. ಹಾಗಾಗಿ ಪಕ್ಕಪಕ್ಕದ ಸರಗಳು ಒಂದನ್ನೊಂದು ದೂರ ತಳ್ಳುತ್ತವೆ. ಅದರಿಂದಲೇ ಮ್ಯೂಸಿನ್ ಮುದುಡದೆ ಉದ್ದಕ್ಕೆ ನೆಟ್ಟಗೆ ನಿಲ್ಲುತ್ತದೆ, ಮೈತುಂಬ ನೀರು ಹಿಡಿದುಕೊಳ್ಳುತ್ತದೆ. ನಿಮ್ಮ ಬೆರಳ ನಡುವೆ ಎಳೆ ಬಂತಲ್ಲ, ಅದರಲ್ಲಿ ಈ ಸಿಯಾಲಿಕ್ ಆಸಿಡ್‌ನ ಪಾಲು ದೊಡ್ಡದು.

ಇನ್ನೊಂದು ವಿಷಯ ಹೇಳದಿದ್ದರೆ ನನಗೆ ಸಮಾಧಾನವಿಲ್ಲ. ಹತ್ತರಲ್ಲಿ ಸುಮಾರು ಎಂಟು ಜನರ ಜೊಲ್ಲಿನಲ್ಲಿ ಅವರ ರಕ್ತದ ಗುಂಪಿನ ಗುರುತೂ ಇರುತ್ತದೆ. ಎ, ಬಿ, ಓ ಗುಂಪು ತೀರ್ಮಾನವಾಗುವುದೇ ಸಕ್ಕರೆ ಸರದ ತುದಿಯಲ್ಲಿ ಯಾವ ಸಕ್ಕರೆ ಇದೆ ಅನ್ನುವುದರಿಂದ. ಅದೇ ತುದಿಗಳು ಮ್ಯೂಸಿನ್ ಮೇಲೂ ಇರುತ್ತವೆ. ಅಂದರೆ ನಿಮ್ಮ ಬಾಯಿಯ ಬ್ಯಾಕ್ಟೀರಿಯಾಗೆ ಸಿಗುವ ಊಟ, ನಿಮ್ಮ ಯಜಮಾನರ ಬಾಯಿಯಲ್ಲಿ ಸಿಗುವ ಊಟಕ್ಕಿಂತ ಸ್ವಲ್ಪ ಬೇರೆಯೇ ಇರಬಹುದು.

ಈಗ ಬ್ಯಾಕ್ಟೀರಿಯಾ ಕಡೆ ಬರೋಣ. ಒಂದು ಮಿಲಿಲೀಟರ್ ಜೊಲ್ಲಿನಲ್ಲಿ ಸುಮಾರು 10 ಕೋಟಿ ಬ್ಯಾಕ್ಟೀರಿಯಾ ಇರುತ್ತವೆ. ಮನುಷ್ಯರ ಬಾಯಿಯಲ್ಲಿ ಈವರೆಗೆ ಗುರುತಿಸಿರುವ ಜಾತಿಗಳು 700ರ ಹತ್ತಿರ. ನಾವು ಊಟ ಮಾಡುವುದು ದಿನಕ್ಕೆ ಎರಡು ಮೂರು ಸಲ. ಉಳಿದ ಹೊತ್ತು ಇವು ಏನು ತಿನ್ನುತ್ತವೆ? ಜೊಲ್ಲನ್ನೇ. ಆದರೆ ಜೊಲ್ಲಿನ ಸಕ್ಕರೆ ತಿನ್ನುವುದು ಸುಲಭದ ಕೆಲಸವಲ್ಲ.

ಕೈತುಂಬ ಗಾಜಿನ ಬಳೆ ತೊಟ್ಟಿದ್ದೀರಿ ಅಂದುಕೊಳ್ಳಿ. ಮೊಳಕೈ ಕಡೆಯ ಬಳೆ ಬೇಕೆಂದರೆ ಮುಂಗೈಯ ಮೊದಲ ಬಳೆಯಿಂದ ಒಂದೊಂದಾಗಿ ತೆಗೆಯುತ್ತಾ ಬರಬೇಕು. ನಡುವಿನದಕ್ಕೆ ನೇರವಾಗಿ ಕೈ ಹಾಕಲು ಆಗುವುದಿಲ್ಲ. ಮ್ಯೂಸಿನ್‌ನ ಸಕ್ಕರೆ ಸರವೂ ಹಾಗೆಯೇ. ಬಾಯಿಯ ಬ್ಯಾಕ್ಟೀರಿಯಾ ಹೆಚ್ಚಾಗಿ ತುದಿಯಿಂದ ಕಳಚುತ್ತಾ ಬರುತ್ತವೆ. ಮೊದಲು ಸಿಯಾಲಿಕ್ ಆಸಿಡ್ ಹೋಗಬೇಕು. ಅದನ್ನು ಬಿಡಿಸುವ ಕಿಣ್ವದ (ಎನ್‌ಜೈಮ್, ಅಂದರೆ ಒಂದನ್ನು ಒಡೆಯಲು ನೆರವಾಗುವ ಪ್ರೋಟೀನು) ಹೆಸರು ಸಿಯಾಲಿಡೇಸ್. ಅದು ಹೋದ ಮೇಲೆ ಗ್ಯಾಲಕ್ಟೋಸ್ ಅನ್ನುವ ಸಕ್ಕರೆ ತುದಿಗೆ ಬರುತ್ತದೆ. ಅದಕ್ಕೆ ಬೇರೆ ಕಿಣ್ವ ಬೇಕು, ಬೀಟಾ ಗ್ಯಾಲಕ್ಟೊಸಿಡೇಸ್. ನಮ್ಮ ಕರುಳಿನಲ್ಲಿ ಹಾಲಿನ ಸಕ್ಕರೆಯನ್ನು ಒಡೆಯುವುದೂ ಇದೇ ಕೆಲಸ ಮಾಡುವ ಕಿಣ್ವವೇ. ಆಮೇಲೆ ಎನ್-ಅಸಿಟೈಲ್ ಗ್ಲುಕೋಸಮೈನ್, ಅದಕ್ಕೆ ಮೂರನೆಯ ಕಿಣ್ವ. ನಡುವೆ ಫ್ಯೂಕೋಸ್ ಅನ್ನುವ ಇನ್ನೊಂದು ಸಕ್ಕರೆ ಅಡ್ಡ ಬಂದರೆ ಅದಕ್ಕೆ ಮತ್ತೊಂದು. ಒಂದೊಂದು ಬೀಗಕ್ಕೆ ಒಂದೊಂದು ಕೀಲಿಕೈ.

ಎಲ್ಲಾ ಕೀಲಿಕೈಯೂ ಒಬ್ಬರ ಹತ್ತಿರ ಇರುವುದು ಅಪರೂಪ. ಸ್ಟ್ರೆಪ್ಟೊಕಾಕಸ್ ಒರಾಲಿಸ್ ಅನ್ನುವ ಬ್ಯಾಕ್ಟೀರಿಯಾ ಬಳಿ ಈ ಗೊಂಚಲಿನ ಬಹುಪಾಲು ಇದೆ. ಇದು ಯಾವುದೋ ಕೆಟ್ಟ ಹುಳ ಅಂದುಕೊಳ್ಳಬೇಡಿ. ಆರೋಗ್ಯವಂತರ ಬಾಯಿಯಲ್ಲಿ ಸದಾ ಇರುವಂಥದ್ದು. ಬೇರೆ ಹಲವು ಬ್ಯಾಕ್ಟೀರಿಯಾ ಹತ್ತಿರ ಒಂದೋ ಎರಡೋ ಕೀಲಿಕೈ ಮಾತ್ರ. ಹಾಗಾಗಿ ಇವು ಸೇರಿಕೊಂಡು ಕೆಲಸ ಮಾಡುತ್ತವೆ. ಒಂದು ಸಿಯಾಲಿಕ್ ಆಸಿಡ್ ಬಿಡಿಸುತ್ತದೆ, ಪಕ್ಕದ್ದು ಗ್ಯಾಲಕ್ಟೋಸ್ ಬಿಡಿಸುತ್ತದೆ, ಕೀಲಿಕೈಯೇ ಇಲ್ಲದ ಮೂರನೆಯದು ಬಿದ್ದದ್ದನ್ನು ಹೆಕ್ಕಿಕೊಂಡು ಬದುಕುತ್ತದೆ. ನೆದರ್ಲೆಂಡ್ಸ್‌ನ ನೈಮೇಗನ್ ವಿಶ್ವವಿದ್ಯಾಲಯದವರು 1980ರ ದಶಕದಲ್ಲಿ ಬರೀ ಜೊಲ್ಲನ್ನೇ ಊಟವಾಗಿ ಕೊಟ್ಟು ಬಾಯಿಯ ಬ್ಯಾಕ್ಟೀರಿಯಾ ಬೆಳೆಸಿ ನೋಡಿದ್ದರು. ಒಂಟಿಯಾಗಿ ಸೊರಗುವ ಜಾತಿಗಳು ಗುಂಪಿನಲ್ಲಿದ್ದಾಗ ಚೆನ್ನಾಗಿ ಬೆಳೆದವು.

ಇದನ್ನು ನಾನು ಕಣ್ಣಾರೆ ಕಂಡಿದ್ದು ಪಿಜಿ ಓದುವಾಗ. ಒಂದೇ ಜೊಲ್ಲನ್ನು ಎರಡು ಟ್ಯೂಬಿಗೆ ಹಾಕಿ, ಒಂದನ್ನು ಫ್ರಿಜ್ಜಿನಲ್ಲಿ, ಇನ್ನೊಂದನ್ನು 37 ಡಿಗ್ರಿ ಬಿಸಿಯ ಪೆಟ್ಟಿಗೆಯಲ್ಲಿ ರಾತ್ರಿಯಿಡೀ ಇಟ್ಟಿದ್ದೆ. ಬೆಳಿಗ್ಗೆ ಡ್ರಾಪರಿನಲ್ಲಿ ಎತ್ತಿದರೆ ಫ್ರಿಜ್ಜಿನದು ಇನ್ನೂ ಎಳೆ ಎಳೆಯಾಗಿ ಇಳಿಯುತ್ತಿತ್ತು. ಬೆಚ್ಚಗಿದ್ದದ್ದು ನೀರಿನ ಹಾಗೆ ತಟಕ್ ತಟಕ್ ಅಂತ ಹನಿಯಿತು. ತಳದಲ್ಲಿ ಬಿಳಿ ಗಸಿ, ಮುಚ್ಚಳ ತೆಗೆದರೆ ಮೂಗು ಮುಚ್ಚಿಕೊಳ್ಳಬೇಕು. ನಮ್ಮ ಮೇಷ್ಟ್ರು ಟ್ಯೂಬನ್ನು ಬೆಳಕಿಗೆ ಹಿಡಿದು "ಎಳೆ ಎಲ್ಲಿ ಹೋಯ್ತು ಹೇಳು ನೋಡೋಣ" ಅಂದರು. ಬ್ಯಾಕ್ಟೀರಿಯಾ ರಾತ್ರಿಯಲ್ಲಿ ಬಳೆಗಳನ್ನೆಲ್ಲ ಕಳಚಿಬಿಟ್ಟಿದ್ದವು. ಸಿಯಾಲಿಕ್ ಆಸಿಡ್ ಹೋದ ಕೂಡಲೇ ನೆಟ್ಟಗಿದ್ದ ಮ್ಯೂಸಿನ್ ಮುದುಡಿ, ಎಳೆ ಬರುವುದು ನಿಂತಿತ್ತು. ನೀವು ಮಲಗಿದ್ದಾಗ ನಿಮ್ಮ ಬಾಯಿಯಲ್ಲಿ ನಡೆಯುವುದೂ ಹೆಚ್ಚುಕಡಿಮೆ ಇದೇ.

ಇನ್ನು ನಿಮ್ಮ ಮುಖ್ಯ ಪ್ರಶ್ನೆ. ಇದರಿಂದ ಹಲ್ಲು ಯಾಕೆ ಹುಳುಕಾಗುವುದಿಲ್ಲ?

ಹಲ್ಲು ಕೊರೆಯುವುದು ಆಮ್ಲ, ಅಂದರೆ ಹುಳಿ. ಬ್ಯಾಕ್ಟೀರಿಯಾ ಸಕ್ಕರೆ ತಿಂದು ಹುಳಿ ಬಿಡುತ್ತವೆ. ಹುಳಿಯನ್ನು ಅಳೆಯುವುದು ಪಿಎಚ್ ಲೆಕ್ಕದಲ್ಲಿ, ಅಂಕಿ ಇಳಿದಷ್ಟೂ ಹುಳಿ ಜಾಸ್ತಿ. ಹಲ್ಲಿನ ಮೇಲೆ ಬ್ಯಾಕ್ಟೀರಿಯಾ ಕಟ್ಟಿದ ಪಾಚಿಯ ಪಿಎಚ್ ಸುಮಾರು 5.5ಕ್ಕಿಂತ ಕೆಳಗಿಳಿದರೆ ಹಲ್ಲಿನ ಗಟ್ಟಿ ಹೊರಪದರ ಎನಾಮಲ್ ಕರಗಲು ಶುರುವಾಗುತ್ತದೆ. ಅಮೆರಿಕದ ರಾಬರ್ಟ್ ಸ್ಟೀಫನ್ 1940ರ ದಶಕದಲ್ಲಿ ಇದನ್ನು ಅಳೆದು ತೋರಿಸಿದರು. ಗ್ಲುಕೋಸ್ ನೀರಿನಲ್ಲಿ ಬಾಯಿ ಮುಕ್ಕಳಿಸಿದ ಕೆಲವೇ ನಿಮಿಷದಲ್ಲಿ ಪಾಚಿಯ ಪಿಎಚ್ ಸರ್ರನೆ ಬೀಳುತ್ತದೆ. ಮತ್ತೆ ಮೇಲೇರಲು ಅರ್ಧ ಗಂಟೆ, ಒಂದು ಗಂಟೆ ಹಿಡಿಯುತ್ತದೆ.

ಒಂದು ಲೆಕ್ಕ ಹಾಕೋಣ. ಕಾಫಿಗೆ ಹಾಕುವ ಒಂದು ಟೀ ಚಮಚ ಸಕ್ಕರೆ 4ರಿಂದ 5 ಗ್ರಾಂ. ನಮಗೆ ದಿನಕ್ಕೆ ಅರ್ಧದಿಂದ ಒಂದೂವರೆ ಲೀಟರ್ ಜೊಲ್ಲು ಬರುತ್ತದೆ. ಒಂದು ಲೀಟರ್ ಜೊಲ್ಲಿನಲ್ಲಿ ಪ್ರೋಟೀನೆಲ್ಲ ಸೇರಿ ಒಂದೆರಡು ಗ್ರಾಂ, ಅದರಲ್ಲಿ ಸಕ್ಕರೆಯ ಪಾಲು ಇನ್ನೂ ಕಡಿಮೆ. ಅದೂ ದಿನವಿಡೀ ಹನಿಹನಿಯಾಗಿ, ಅದೂ ಬೀಗ ಹಾಕಿದ ಸಕ್ಕರೆ. ಬೀಗ ತೆಗೆಯುವಷ್ಟರಲ್ಲಿ ಸಾಕಷ್ಟನ್ನು ನಾವು ನುಂಗಿಯೇ ಬಿಟ್ಟಿರುತ್ತೇವೆ. ಹೀಗೆ ನಿಧಾನವಾಗಿ ಬರುವ ಹುಳಿಯನ್ನು ಜೊಲ್ಲಿನ ಬೈಕಾರ್ಬೊನೇಟ್ ಅಲ್ಲಲ್ಲೇ ತಣ್ಣಗಾಗಿಸುತ್ತದೆ.

ಇಷ್ಟೇ ಅಲ್ಲ. ಮ್ಯೂಸಿನ್‌ನ ಹಲವು ಸಕ್ಕರೆಗಳಲ್ಲಿ ಸಾರಜನಕ ಸೇರಿಕೊಂಡಿದೆ. ಸಿಯಾಲಿಕ್ ಆಸಿಡ್‌ನಲ್ಲೂ ಇದೆ, ಎನ್-ಅಸಿಟೈಲ್ ಗ್ಲುಕೋಸಮೈನ್‌ನಲ್ಲೂ ಇದೆ. ಬ್ಯಾಕ್ಟೀರಿಯಾ ಇವನ್ನು ಅರಗಿಸಿಕೊಂಡಾಗ ಹುಳಿಯ ಜೊತೆಗೆ ಅಮೋನಿಯಾವೂ ಹೊರಬರುತ್ತದೆ. ಅಮೋನಿಯಾ ಹುಳಿಯನ್ನು ಮುರಿಯುತ್ತದೆ. ಮಜ್ಜಿಗೆ ಜಾಸ್ತಿ ಹುಳಿಯಾದರೆ ಚಿಟಿಕೆ ಸೋಡಾ ಹಾಕಿದ ಹಾಗೆ. ಇದನ್ನು ಓದುವಾಗಲೆಲ್ಲ ನನಗೆ ಬೆರಗಾಗುತ್ತದೆ. ದೇಹ ತನ್ನ ಬಾಯಿಯ ಬ್ಯಾಕ್ಟೀರಿಯಾಗೆ ತಾನೇ ಊಟ ಹಾಕುತ್ತಿದೆ. ಅದೂ ಹಲ್ಲಿಗೆ ಪೆಟ್ಟಾಗದಂಥ ಊಟ, ಎಲ್ಲರೂ ಸೇರಿ ದುಡಿದರೆ ಮಾತ್ರ ದಕ್ಕುವಂಥ ಊಟ.

ಹಲ್ಲು ಹುಳುಕಿಗೆ ಹೆಸರಾದ ಸ್ಟ್ರೆಪ್ಟೊಕಾಕಸ್ ಮ್ಯೂಟನ್ಸ್ ಅನ್ನುವ ಬ್ಯಾಕ್ಟೀರಿಯಾ ಗೊತ್ತಿರಬಹುದು. ಲಂಡನ್ನಿನಲ್ಲಿ ಕಿಲಿಯನ್ ಕ್ಲಾರ್ಕ್ 1924ರಲ್ಲಿ ಗುರುತಿಸಿದ್ದು. ಇದರ ಹತ್ತಿರ ಸಿಯಾಲಿಡೇಸ್ ಇಲ್ಲ. ಮೊದಲ ಬಳೆಯೇ ಇದಕ್ಕೆ ಕಳಚುವುದಿಲ್ಲ. ಬರೀ ಜೊಲ್ಲಿನ ಮೇಲೆ ಇದು ಒಂಟಿಯಾಗಿ ಸರಿಯಾಗಿ ಬೆಳೆಯಲಾರದು. ನಾವು ಸಕ್ಕರೆ ತಿಂದರೆ ಮಾತ್ರ ಇದಕ್ಕೆ ಹಬ್ಬ. ಆಗ ಅದು ಅಂಟು ತಯಾರಿಸಿ ಹಲ್ಲಿಗೆ ಕಚ್ಚಿಕೊಳ್ಳುತ್ತದೆ, ಹುಳಿ ಸುರಿಸುತ್ತದೆ, ಆ ಹುಳಿ ತಾಳಲಾರದ ಒಳ್ಳೆಯ ಬ್ಯಾಕ್ಟೀರಿಯಾಗಳನ್ನು ಓಡಿಸುತ್ತದೆ. ಜೊತೆಗೆ ಅಮೆರಿಕದ ಎಂಐಟಿಯಲ್ಲಿ ಕ್ಯಾಥರಿನಾ ರಿಬೆಕ್ ಅವರ ತಂಡ ಇನ್ನೊಂದನ್ನೂ ತೋರಿಸಿದೆ. ಮ್ಯೂಸಿನ್ ಇದ್ದ ಕಡೆ ಮ್ಯೂಟನ್ಸ್ ಕಚ್ಚಿಕೊಳ್ಳುವುದು ಕಡಿಮೆ, ತೇಲಾಡಿಕೊಂಡಿರುವುದು ಜಾಸ್ತಿ.

ಇಷ್ಟಾದರೂ ಅನುಮಾನ ಇದ್ದರೆ ಇದನ್ನು ನೋಡಿ. ಹುಟ್ಟಿನಿಂದಲೇ ಫ್ರಕ್ಟೋಸ್ (ಹಣ್ಣಿನಲ್ಲೂ ನಾವು ತಿನ್ನುವ ಸಕ್ಕರೆಯಲ್ಲೂ ಇರುವಂಥದ್ದು) ಅರಗದ ಒಂದು ಅಪರೂಪದ ಕಾಯಿಲೆ ಇದೆ. ಇಂಥವರು ಸಕ್ಕರೆ, ಸಿಹಿ, ಹಣ್ಣು ತಿಂದರೆ ಕಾಯಿಲೆ ಬೀಳುತ್ತಾರೆ. ಹಾಗಾಗಿ ಮುಟ್ಟುವುದೇ ಇಲ್ಲ. ಅವರ ಬಾಯಿಯಲ್ಲೂ ಜೊಲ್ಲಿದೆ, ಮ್ಯೂಸಿನ್ ಇದೆ, ಪಾಚಿಯೂ ಇದೆ. ಹುಳುಕು ಮಾತ್ರ ತೀರಾ ಕಡಿಮೆ. ಇದಕ್ಕೆ ತಿರುಗುಮುರುಗಾದ ಸಾಕ್ಷಿಯೂ ಇದೆ. ಬಾಯಿ, ಗಂಟಲಿನ ಕ್ಯಾನ್ಸರಿಗೆ ರೇಡಿಯೇಷನ್ ಕೊಟ್ಟು ಜೊಲ್ಲು ಬತ್ತಿದವರಲ್ಲಿ ಹಲ್ಲುಗಳು ತಿಂಗಳುಗಳಲ್ಲೇ ಹುಳುಕಾಗಿ ಬುಡದಿಂದ ಮುರಿಯುವುದನ್ನು ನಾವು ನೋಡುತ್ತೇವೆ. ಜೊಲ್ಲಿನ ಸಕ್ಕರೆಯೇ ಹಲ್ಲು ಕೊರೆಯುವುದಾಗಿದ್ದರೆ ಜೊಲ್ಲು ಕಡಿಮೆಯಾದವರ ಹಲ್ಲು ಚೆನ್ನಾಗಿರಬೇಕಿತ್ತು ಅಲ್ವಾ?

ಆದರೆ ಒಂದು ಎಚ್ಚರಿಕೆ. ಸಕ್ಕರೆ ಬಿಟ್ಟೆ ಅಂದರೆ ಬ್ಯಾಕ್ಟೀರಿಯಾಗೆ ಬಿಡಿ ಸಕ್ಕರೆ ಸಿಗುವುದೇ ಇಲ್ಲ ಅಂತಲ್ಲ. ಶುಗರ್‌ಫ್ರೀ ಬಿಸ್ಕತ್ತಿನಲ್ಲೂ ಹಿಟ್ಟಿದೆ. ಜೊಲ್ಲಿನ ಅಮೈಲೇಸ್ ಅನ್ನುವ ಕಿಣ್ವ ಆ ಹಿಟ್ಟನ್ನು ಒಡೆದು ಮಾಲ್ಟೋಸ್ ಅನ್ನುವ ಸಕ್ಕರೆ ಮಾಡುತ್ತದೆ. ಹಲ್ಲಿನ ಸಂದಿಯಲ್ಲಿ ಅಂಟಿಕೊಂಡ ಬಿಸ್ಕತ್ತು ಸುಮ್ನೆ ಇರುವುದಿಲ್ಲ.

ಇನ್ನು ಲೋಳೆ ಮತ್ತು ವಾಸನೆ. ಉಜ್ಜಿ ತೊಳೆದ ಹಲ್ಲಿನ ಮೇಲೆ ಕೆಲವೇ ನಿಮಿಷದಲ್ಲಿ ಜೊಲ್ಲಿನ ಪ್ರೋಟೀನುಗಳ ತೆಳು ಪೊರೆ ಕೂರುತ್ತದೆ. ಸ್ಟ್ರೆಪ್ಟೊಕಾಕಸ್ ಗಾರ್ಡೊನಿ, ಸ್ಟ್ರೆಪ್ಟೊಕಾಕಸ್ ಸಾಂಗ್ವಿನಿಸ್ ಥರದವು ಅದೇ ಸಿಯಾಲಿಕ್ ಆಸಿಡ್ ತುದಿಯನ್ನು ಹಿಡಿಕೆ ಮಾಡಿಕೊಂಡು ಹತ್ತಿ ಕೂರುತ್ತವೆ. ಆಮೇಲೆ ಬೇರೆಯವು ಬಂದು ಸೇರುತ್ತವೆ. ರಾತ್ರಿ ಜೊಲ್ಲು ಬರುವುದು ಹೆಚ್ಚುಕಡಿಮೆ ನಿಂತೇ ಹೋಗುತ್ತದೆ, ನುಂಗುವುದೂ ಕಡಿಮೆ. ಬೆಳಿಗ್ಗೆ ನಾಲಿಗೆಗೆ ಹಲ್ಲು ಒರಟಾಗಿ, ಲೋಳೆಯಾಗಿ ಸಿಗುವುದು ಇದರಿಂದ. ಸಕ್ಕರೆ ತಿಂದರೂ ತಿನ್ನದಿದ್ದರೂ ಇದು ಆಗುವುದೇ.

ವಾಸನೆಗೆ ಕಾರಣ ಸಕ್ಕರೆಯಲ್ಲ, ಸಕ್ಕರೆ ಹೋದ ಮೇಲೆ ಬರಿದಾದ ದಂಟು. ಬಳೆ ಇರುವವರೆಗೆ ಮ್ಯೂಸಿನ್‌ನ ಪ್ರೋಟೀನು ಸುಲಭಕ್ಕೆ ಯಾರ ಬಾಯಿಗೂ ಸಿಗುವುದಿಲ್ಲ. ಬಳೆ ಕಳಚಿದ ಮೇಲೆ ಪಾರ್ಫೈರೋಮೊನಾಸ್ ಜಿಂಜಿವ್ಯಾಲಿಸ್‌ನಂಥ ಪ್ರೋಟೀನು ತಿನ್ನುವ ಬ್ಯಾಕ್ಟೀರಿಯಾ ಮುಗಿಬೀಳುತ್ತವೆ. ಗಂಧಕ ಇರುವ ಅಮೈನೋ ಆಸಿಡ್‌ಗಳು ಒಡೆದಾಗ ಕೊಳೆತ ಮೊಟ್ಟೆಯ ವಾಸನೆಯ ಹೈಡ್ರೋಜನ್ ಸಲ್ಫೈಡ್ ಬರುತ್ತದೆ, ಇನ್ನೂ ಕೆಟ್ಟದಾದ ಮೀಥೈಲ್ ಮರ್ಕ್ಯಾಪ್ಟನ್ ಬರುತ್ತದೆ. ಇದೆಲ್ಲ ಜಾಸ್ತಿ ನಡೆಯುವುದು ನಾಲಿಗೆಯ ಹಿಂಭಾಗದಲ್ಲಿ. ಉದುರಿದ ಚರ್ಮದ ಕಣ, ಲೋಳೆ ಎಲ್ಲಾ ಅಲ್ಲಿ ದಪ್ಪಗೆ ಕೂತಿರುತ್ತದೆ. ಉಪವಾಸದ ದಿನ ಅಗಿಯುವುದಿಲ್ಲ, ಅಗಿಯದಿದ್ದರೆ ಜೊಲ್ಲು ಹರಿಯುವುದಿಲ್ಲ, ನಾಲಿಗೆ ಉಜ್ಜಿಕೊಳ್ಳುವಂಥ ಊಟವೂ ಇಲ್ಲ. ಜನ ಇದನ್ನು ಖಾಲಿ ಹೊಟ್ಟೆಯ ವಾಸನೆ ಅನ್ನುತ್ತಾರೆ. ಬಹುಪಾಲು ಅದು ಹೊಟ್ಟೆಯದಲ್ಲ, ಬಾಯಿಯದೇ.

ನಿಮ್ಮ ಪ್ರಶ್ನೆ ಓದಿದಾಗ ನನಗೆ ಒಬ್ಬ ಅಜ್ಜಿ ನೆನಪಾದರು. ಪಾರ್ಶ್ವವಾಯು ಹೊಡೆದು ಮೂರು ವಾರದಿಂದ ಮೂಗಿನ ನಳಿಗೆಯಲ್ಲೇ ಆಹಾರ. ಬಾಯಿ ನೋಡಲು ನನ್ನನ್ನು ಕರೆದಿದ್ದರು. ಹಲ್ಲಿನ ಮೇಲೆ ಬೆಣ್ಣೆ ಮೆತ್ತಿದ ಹಾಗೆ ಪಾಚಿ, ಅಂಗುಳಿಗೆ ಒಣಗಿದ ಹಕ್ಕಳೆ. ಮಗಳು ಕಣ್ಣಲ್ಲಿ ನೀರು ತಂದುಕೊಂಡು, "ಬಾಯಿಗೆ ಒಂದು ತುತ್ತೂ ಇಟ್ಟಿಲ್ಲ ಡಾಕ್ಟ್ರೇ, ಬಾಯಿ ಯಾಕೆ ತೊಳೀಬೇಕು ಅಂದುಕೊಂಡಿದ್ದೆ" ಅಂದರು. ಅವರ ತಪ್ಪಲ್ಲ, ಯಾರೂ ಹೇಳಿರಲಿಲ್ಲ. ಬಾಯಿಗೆ ಏನೂ ಹೋಗದಿದ್ದರೂ ಬ್ಯಾಕ್ಟೀರಿಯಾಗೆ ಜೊಲ್ಲಿನ ಊಟ ನಿಲ್ಲುವುದಿಲ್ಲ. ಇಂಥವರಲ್ಲಿ ಈ ಪಾಚಿ ಶ್ವಾಸಕ್ಕೆ ಇಳಿದರೆ ನ್ಯುಮೋನಿಯಾ ಆಗಬಹುದು. ಮನೆಯಲ್ಲಿ ನಳಿಗೆಯ ಊಟದವರು ಇದ್ದರೆ ದಿನಕ್ಕೆ ಎರಡು ಸಲವಾದರೂ ಮೆತ್ತನೆ ಬ್ರಷ್ಷಿನಿಂದ, ತಲೆ ಎತ್ತರಿಸಿ ಪಕ್ಕಕ್ಕೆ ವಾಲಿಸಿ, ಬಾಯಿಯಲ್ಲಿ ನೀರು ನಿಲ್ಲದ ಹಾಗೆ ಬಾಯಿ ಸ್ವಚ್ಛ ಮಾಡಿ. ಹೇಗೆ ಅಂತ ನರ್ಸ್ ಹತ್ತಿರ ಒಮ್ಮೆ ಮಾಡಿ ತೋರಿಸಿಕೊಳ್ಳಿ.

ನಿಮ್ಮ ಮಟ್ಟಿಗೆ ಮಾಡಬೇಕಾದ್ದು ಕಷ್ಟದ್ದೇನಲ್ಲ. ರಾತ್ರಿ ಮಲಗುವ ಮುಂಚೆ ಫ್ಲೋರೈಡ್ ಇರುವ ಪೇಸ್ಟಿನಿಂದ ಉಜ್ಜುವುದನ್ನು ಬಿಡಬೇಡಿ. ಜೊಲ್ಲು ಕಡಿಮೆ ಇರುವ ಆ ಎಂಟು ಗಂಟೆಗೆ ಪಾಚಿ ಎಷ್ಟು ಕಡಿಮೆ ಇದ್ದರೆ ಅಷ್ಟು ಒಳ್ಳೆಯದು. ಬೆಳಿಗ್ಗೆ ನಾಲಿಗೆಯನ್ನು ಹಿಂದಿನಿಂದ ಮುಂದಕ್ಕೆ ಮೆಲ್ಲಗೆ ಹೆರೆದುಕೊಳ್ಳಿ, ರಕ್ತ ಬರುವ ಹಾಗಲ್ಲ. ಏಕಾದಶಿ ದಿನ ನೀರನ್ನೂ ಕುಡಿಯದ ಪದ್ಧತಿ ನಿಮ್ಮದಾದರೆ, ಆಗಾಗ ನೀರು ಮುಕ್ಕಳಿಸಿ ಉಗುಳಿದರೂ ಅನುಕೂಲ. ಆದರೆ ಶುಗರ್ ಮಾತ್ರೆ ತೆಗೆದುಕೊಳ್ಳುವವರು ಉಪವಾಸ ಮಾಡುವ ಮೊದಲು ನಿಮ್ಮ ಶುಗರ್ ಡಾಕ್ಟರನ್ನು ಕೇಳಲೇಬೇಕು. ಬ್ಯಾಕ್ಟೀರಿಯಾ ಎಲ್ಲಾ ಸಾಯಲಿ ಅಂತ ದಿನಾ ಕಡು ಮೌತ್‌ವಾಶ್ ಹಾಕಬೇಡಿ. ಜೊಲ್ಲಿನ ಮೇಲೆ ಬದುಕುವ ಆ ಒಳ್ಳೆಯ ಗುಂಪು ನಿಮಗೆ ಬೇಕು. ಹಗಲಲ್ಲೂ ಬಾಯಿ ಒಣಗುತ್ತಿದ್ದರೆ ನೀವು ನುಂಗುವ ಬಿಪಿ ಮಾತ್ರೆಯೋ ನಿದ್ದೆ ಮಾತ್ರೆಯೋ ಕಾರಣ ಇರಬಹುದು. ನೀವಾಗಿ ನಿಲ್ಲಿಸಬೇಡಿ, ಬರೆದುಕೊಟ್ಟವರನ್ನು ಕೇಳಿ.

ನಿಮ್ಮ ವಿಷಯದಲ್ಲಿ ನನಗೆ ಹುಳುಕಿಗಿಂತ ಒಸಡಿನ ಚಿಂತೆ ಜಾಸ್ತಿ. ಒಸಡಿನ ಕೆಳಗಿನ ಸಂದಿಯಲ್ಲಿ ಟ್ಯಾನರೆಲ್ಲಾ ಫಾರ್ಸೈಥಿಯಾ ಅನ್ನುವುದೊಂದಿದೆ. ಅದರ ಹತ್ತಿರ ಸಿಯಾಲಿಡೇಸ್ ಚೆನ್ನಾಗಿಯೇ ಇದೆ, ಸಿಯಾಲಿಕ್ ಆಸಿಡ್ ಸಿಕ್ಕರೆ ಅದು ಹುಲುಸಾಗಿ ಬೆಳೆಯುತ್ತದೆ. ಹಿಡಿತದಲ್ಲಿಲ್ಲದ ಶುಗರ್ ಒಸಡಿನ ಕಾಯಿಲೆಯನ್ನು ಏರಿಸುತ್ತದೆ, ಒಸಡಿನ ಕಾಯಿಲೆ ಶುಗರನ್ನು ಹಿಡಿತಕ್ಕೆ ಬಾರದ ಹಾಗೆ ಮಾಡುತ್ತದೆ. ಉಜ್ಜುವಾಗ ನೊರೆ ಕೆಂಪಗಾಗುತ್ತದಾ ನೋಡಿಕೊಳ್ಳಿ. ಹಾಗಾಗುತ್ತಿದ್ದರೆ, ಅಥವಾ ಇಷ್ಟೆಲ್ಲ ಮಾಡಿ ತಿಂಗಳಾದರೂ ವಾಸನೆ ಹೋಗದಿದ್ದರೆ, ನಿಮ್ಮ ಡಾಕ್ಟರ ಬಳಿ ಹೋಗಿ ಒಸಡಿನ ಸಂದಿ ಎಷ್ಟು ಆಳವಾಗಿದೆ ಅಂತ ಅಳೆಸಿಕೊಳ್ಳಿ. ಸಣ್ಣ ಗುರುತುಗಳಿರುವ ಕಡ್ಡಿಯಲ್ಲಿ ಅಳೆಯುತ್ತಾರೆ, ಹತ್ತು ನಿಮಿಷದ ಕೆಲಸ. ಹೋಗುವಾಗ, ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ಈಚಿನ ಎಚ್‌ಬಿಎ1ಸಿ ರಿಪೋರ್ಟನ್ನೂ ಜೊತೆಗೆ ತೆಗೆದುಕೊಂಡು ಹೋಗಿ.